ಅಪ್ಪನ ನಾಣ್ಯದ ಡಬ್ಬಿ

ಎರಡು ತಿಂಗಳ ಕೆಳಗೆ ಒಂದು ಭಾನುವಾರ, ಬೆಳಗಿನ ಕಾಫಿ ಇನ್ನೂ ಮುಗಿದಿರಲಿಲ್ಲ. ನಮ್ಮ ನೆರೆಮನೆಯ ಮೇಷ್ಟ್ರು ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ಕಂಕುಳಲ್ಲಿ ಅವಚಿಕೊಂಡು ಬಂದರು. ಇನ್ನೊಂದು ಕೈಯಲ್ಲಿ ಬಿಳಿಯ ಬಟ್ಟೆಯ ತುಂಡು, ದಬ್ಬಳ, ಹುರಿ.

"ಪಾರ್ಸೆಲ್ ಹೊಲಿಯುವುದಕ್ಕೆ ನಿಮ್ಮ ಮನೆಯವರ ಕೈ ಬೇಕಾಗಿದೆ. ಲಂಡನ್ನಿಗೆ ಹೋಗಬೇಕಾದ್ದು" ಎಂದರು.

ಡಬ್ಬಿಯಲ್ಲಿದ್ದುದು ಅವರ ತಂದೆ ಕೂಡಿಸಿಟ್ಟ ನಾಣ್ಯಗಳು. ತಂದೆ ಖಜಾನೆಯಲ್ಲಿ ಗುಮಾಸ್ತರಾಗಿದ್ದವರು. ನಲವತ್ತು ವರ್ಷ ಕಂಡಲ್ಲಿ ಕೇಳಿ, ಸಂಬಳದಲ್ಲಿ ಉಳಿಸಿ ಕೊಂಡವುಗಳು. ಅವರು ತೀರಿಕೊಂಡ ಮೇಲೆ ಡಬ್ಬಿ ಅಲಮಾರಿನ ಮೇಲೆ ಕುಳಿತಿತ್ತು. ಈಗ ಮೇಷ್ಟ್ರ ತಮ್ಮನ ಮಗಳಿಗೆ ಕಾಲೇಜಿನ ಶುಲ್ಕ ಕಟ್ಟಬೇಕಾಗಿದೆ. ಆತ ತನ್ನ ಪಾಲು ಕೇಳಿದ್ದಾನೆ. ಕೇಳಿದುದು ತಪ್ಪಲ್ಲ. ಆದರೆ ಬೆಲೆಯೇ ತಿಳಿಯದ ವಸ್ತುವನ್ನು ಮೂವರಿಗೆ ಹಂಚುವುದು ಹೇಗೆ? ಲಂಡನ್ನಿನಲ್ಲಿರುವ ಮೇಷ್ಟ್ರ ಮಗನು, ಅಲ್ಲಿಯ ಹರಾಜಿನವರು ಬೆಲೆ ಕಟ್ಟಿಕೊಡುತ್ತಾರೆ, ಕಳಿಸಿಬಿಡಿ, ಹೊರಗಡೆ 'ಹಳೆಯ ಲೋಹದ ಸಾಮಾನು' ಎಂದು ಬರೆದರಾಯಿತು ಎಂದು ಫೋನಿನಲ್ಲಿ ಹೇಳಿದ್ದನಂತೆ.

ಆ ಮಾತು ಕೇಳಿ ನನಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. "ಮೇಷ್ಟ್ರೇ, ದಬ್ಬಳ ಕೆಳಗಿಡಿ, ಮೊದಲು ಇದರಲ್ಲಿ ಏನೇನಿದೆ ನೋಡೋಣ" ಎಂದೆ.

ಜಮಖಾನದ ಮೇಲೆ ಒಂದೊಂದಾಗಿ ಹರಡಿದೆವು. ಹುಣಸೆಬೀಜಕ್ಕಿಂತ ಚಿಕ್ಕದಾದ ನಾಲ್ಕು ಚಿನ್ನದ ಕಂಠೀರಾಯಿ ಹಣ. 1638ರಿಂದ 1659ರವರೆಗೆ ಮೈಸೂರನ್ನು ಆಳಿದ ಕಂಠೀರವ ನರಸರಾಜ ಒಡೆಯರ ಹೆಸರಿನದು. ಒಂದು ಬದಿಯಲ್ಲಿ ನರಸಿಂಹನ ಮೂರ್ತಿ. 1799ರ ನಂತರ ಪೂರ್ಣಯ್ಯನವರ ಕಾಲದಲ್ಲಿಯೂ ಇದೇ ಹೆಸರಿನ ಹಣವನ್ನು ಟಂಕಿಸಿದುದರಿಂದ, ಯಾವುದು ಮೊದಲಿನದು, ಯಾವುದು ನಂತರದ್ದು ಎಂದು ಬಲ್ಲವರೇ ಹೇಳಬೇಕು. ಆಮೇಲೆ ಟಿಪ್ಪುವಿನ ತಾಮ್ರದ ಪೈಸೆಗಳು: ಒಂದು ಕಡೆ ಆನೆ, ಇನ್ನೊಂದು ಕಡೆ ಪಾರಸಿಯಲ್ಲಿ ಟಂಕಸಾಲೆಯ ಹೆಸರು. ಟಿಪ್ಪು ತಂದ ಮೌಲೂದಿ ಶಕೆಯಲ್ಲಿ ಅಂಕಿಗಳು ಬಲದಿಂದ ಎಡಕ್ಕೆ ಓಡುತ್ತವೆ. ನಮ್ಮಂತೆ ಓದಿದರೆ ಇಸವಿ ತಲೆಕೆಳಗಾಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಇಪ್ಪತ್ತು ಕಾಸು ಎರಡು. ಅವುಗಳ ಮೇಲೆ ಕನ್ನಡ, ಇಂಗ್ಲಿಷು, ಪಾರಸಿ ಮೂರೂ ಲಿಪಿಗಳುಂಟು. ಉಳಿದುವೆಲ್ಲ ವಿಕ್ಟೋರಿಯಾ ರಾಣಿಯಿಂದೀಚಿನ ಬೆಳ್ಳಿಯ ರೂಪಾಯಿಗಳು. ಅವುಗಳಲ್ಲಿ 1911ರದೊಂದು. ಅದರಲ್ಲಿ ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡು ಗಲಾಟೆಯಾಗಿ, ಮರುವರ್ಷ ಅಚ್ಚನ್ನೇ ತಿದ್ದಬೇಕಾಯಿತು. ಕೊನೆಗೆ, ಹತ್ತಿಯಲ್ಲಿ ಸುತ್ತಿಟ್ಟ 1939ರ ರೂಪಾಯಿ. ಅದು ಬಲು ವಿರಳವಾದುದು. ಮೇಷ್ಟ್ರ ತಮ್ಮನ ಆಸೆಯೆಲ್ಲ ಅದರ ಮೇಲೆಯೇ.

ಇನ್ನು ಕಾನೂನಿನ ಮಾತು. ಪ್ರಾಚೀನ ವಸ್ತುಗಳು ಲೈಸೆನ್ಸಿಲ್ಲದೆ ದೇಶ ಬಿಟ್ಟು ಹೋಗಕೂಡದೆಂದು 1947ರಲ್ಲಿಯೇ ಒಂದು ಶಾಸನವಾಯಿತು. ಅದರ ಸ್ಥಾನದಲ್ಲಿ ಬಂದುದು 1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮ, 1976ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಯಾವುದೇ ನಾಣ್ಯವೂ ಪ್ರಾಚೀನ ವಸ್ತುವೇ. ಅದನ್ನು ಹೊರದೇಶಕ್ಕೆ ಕಳಿಸುವ ಅಧಿಕಾರ ಕೇಂದ್ರ ಸರಕಾರಕ್ಕೆ, ಇಲ್ಲವೆ ಅದು ನೇಮಿಸಿದ ಸಂಸ್ಥೆಗೆ ಮಾತ್ರ. ಬೆಲೆ ಕಟ್ಟಿಸಿ ಹಿಂದಕ್ಕೆ ತರಿಸಿಕೊಳ್ಳುತ್ತೇವೆ ಎಂದರೂ ಗೃಹಸ್ಥರು ತಾವಾಗಿ ಕಳಿಸುವಂತಿಲ್ಲ. ಮೀರಿದವರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಮೂರು ವರ್ಷದವರೆಗೆ ಸೆರೆವಾಸ, ಮೇಲೆ ಜುಲ್ಮಾನೆ. ತಂದೆಯಿಂದ ಬಂದುದನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವಲ್ಲ. ಸುಳ್ಳು ಹೆಸರು ಬರೆದು ಗಡಿ ದಾಟಿಸುವುದು ಅಪರಾಧ.

ಈ ನೂರು ವರ್ಷದ ಗೆರೆ ನಿಂತಲ್ಲಿ ನಿಲ್ಲುವುದಿಲ್ಲ, ವರ್ಷ ವರ್ಷವೂ ಮುಂದೆ ಸರಿಯುತ್ತದೆ. 1911ರ ರೂಪಾಯಿ ಈಗಾಗಲೇ ಗೆರೆಯ ಒಳಗೆ ಬಂದಿದೆ. 1939ರದು ಇನ್ನೂ ಹೊರಗಿದೆ. ಹೊರಗಿರುವುದನ್ನಾದರೂ ಕಳಿಸೋಣವೆಂದರೆ, ವಿಮೆಯಿಲ್ಲದ ಸಾಮಾನ್ಯ ಅಂಚೆಯಲ್ಲಿ ನಾಣ್ಯ ಕಳಿಸುವುದಕ್ಕೆ ಅಂತಾರಾಷ್ಟ್ರೀಯ ಅಂಚೆಯ ನಿಯಮಗಳೇ ಒಪ್ಪುವುದಿಲ್ಲ. ಕೊರಿಯರಿನವರಲ್ಲಿ ಅನೇಕರು ನಾಣ್ಯವೆಂದರೆ ಮುಟ್ಟುವುದಿಲ್ಲ. ಹಿಂದಿರುಗುವಾಗ ಸುಂಕದ ಕಟ್ಟೆಯ ಪ್ರಶ್ನೆ ಬೇರೆ.

ಮೇಷ್ಟ್ರ ಮುಖ ಬಾಡಿತು. "ಹಾಗಾದರೆ ತಮ್ಮನಿಗೆ ಏನು ಹೇಳಲಿ?" ಎಂದರು.

"ನಾಣ್ಯ ಹೋಗಬಾರದು, ಅದರ ಚಿತ್ರ ಹೋಗಬಹುದಲ್ಲ" ಎಂದೆ.

ಮೂರು ಸಂಜೆ ಕುಳಿತು ಕೆಲಸ ಮಾಡಿದೆವು. ಅಕ್ಕಸಾಲಿಗರ ತಕ್ಕಡಿ ತರಿಸಿ ಒಂದೊಂದನ್ನೂ ತೂಗಿದೆವು. ಬೆಳ್ಳಿಯ ರೂಪಾಯಿಯ ಸರಿಯಾದ ತೂಕ 11.66 ಗ್ರಾಂ, ಸವೆದಿದ್ದರೆ ಕೊಂಚ ಕಡಿಮೆ, ಬಹಳ ವ್ಯತ್ಯಾಸವಿದ್ದರೆ ಸಂಶಯಕ್ಕೆ ಕಾರಣ. ಎರಡೂ ಮುಖಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದೆವು. ಈ ನಡುವೆ ಮೇಷ್ಟ್ರ ಸೊಸೆ, ಸಹಾಯವಾಗಲೆಂದು, ಹತ್ತು ತಾಮ್ರದ ಕಾಸುಗಳನ್ನು ಹುಣಸೆಹಣ್ಣು ಹಾಕಿ ಥಳಥಳ ಬೆಳಗಿಟ್ಟಿದ್ದಳು! ಗೃಹಿಣಿಯರು ಕ್ಷಮಿಸಬೇಕು: ಪೂಜೆಯ ಪಾತ್ರೆಗೆ ಶೋಭೆ ತರುವ ಹುಣಸೆಹಣ್ಣು ನಾಣ್ಯಕ್ಕೆ ಶತ್ರು. ಕಾಲವು ಕಟ್ಟಿದ ಕಂದುಬಣ್ಣವನ್ನು ಉಜ್ಜಿ ತೆಗೆದರೆ ಬೆಲೆಯೂ ಅದರೊಡನೆ ತೊಳೆದುಹೋಗುತ್ತದೆ.

ಡಬ್ಬಿಯ ತಳದಲ್ಲಿ ಸಣ್ಣದೊಂದು ನೋಟುಬುಕ್ಕು ಸಿಕ್ಕಿತು. ಯಾವ ನಾಣ್ಯ, ಯಾವ ಊರಿನಲ್ಲಿ, ಯಾರಿಂದ, ಎಷ್ಟು ಕೊಟ್ಟು ತಂದುದು ಎಂದು ಮೇಷ್ಟ್ರ ತಂದೆ ಗುಂಡಾದ ಅಕ್ಷರದಲ್ಲಿ ಬರೆದಿಟ್ಟಿದ್ದರು. ಕೊಳ್ಳುವವರು ಮೊದಲು ಕೇಳುವುದು ಇದನ್ನೇ: ಎಲ್ಲಿಂದ ಬಂತು? ಪಾರ್ಸೆಲ್ ಹೊರಟಿದ್ದರೆ ಆ ಪುಸ್ತಕ ರದ್ದಿಗೆ ಹೋಗುತ್ತಿತ್ತು.

ಚಿತ್ರಗಳು ಲಂಡನ್ನಿಗೆ ಹೋದುವು. ನಾಣ್ಯಗಳನ್ನು ಬೆಂಗಳೂರಿನಲ್ಲಿಯೇ ಬಲ್ಲವರಿಬ್ಬರಿಗೆ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಸದೆ, ತೋರಿಸಿದೆವು. ಮೂರು ಕಡೆಯ ಅಭಿಪ್ರಾಯವೂ ಬಹುಮಟ್ಟಿಗೆ ಒಂದೇ ಆಯಿತು. ಹತ್ತಿಯಲ್ಲಿ ಸುತ್ತಿದ್ದ 1939ರ ರೂಪಾಯಿ ನಕಲಿ. ಬೆಳ್ಳಿಯ ರೂಪಾಯಿಗಳಲ್ಲಿ ಹೆಚ್ಚಿನವು ಬೆಳ್ಳಿಯ ಬೆಲೆಗಿಂತ ಕೊಂಚ ಮೇಲೆ. ಕಂಠೀರಾಯಿ ಹಣಕ್ಕೂ ಟಿಪ್ಪುವಿನ ಒಂದು ಪೈಸೆಗೂ ಒಳ್ಳೆಯ ಬೆಲೆ.

ಲೈಸೆನ್ಸುಳ್ಳ ವ್ಯಾಪಾರಿಗೆ ಮೂರು ಹಣವನ್ನೂ ಆ ಪೈಸೆಯನ್ನೂ ಮಾರಿ, ರಶೀದಿ ಪಡೆದು, ಮೊತ್ತವನ್ನು ತಮ್ಮನ ಕೈಗೆ ಕೊಟ್ಟರು. ಆತ ಎಣಿಸಿದ್ದಷ್ಟಾಗಲಿಲ್ಲ, ಒಂದು ವರ್ಷದ ಶುಲ್ಕಕ್ಕೆ ಸಾಕಾಯಿತು. ಮರುವರ್ಷದ್ದು ತನ್ನದೆಂದು ಮೇಷ್ಟ್ರ ಮಗ ಲಂಡನ್ನಿನಿಂದ ಹೇಳಿದ. ತಪ್ಪು ಸಲಹೆ ಕೊಟ್ಟವನು ಅವನೇ ಅಲ್ಲವೆ!

ಉಳಿದವರು ಅಕ್ಕ. ಎಂಬತ್ತು ದಾಟಿದ ಆಕೆ ಅಂದಿನವರೆಗೆ ಪಾಲಿನ ಮಾತೆತ್ತಿರಲಿಲ್ಲ. "ಅಕ್ಕಾ, ನಿನಗೆ ಯಾವುದು ಬೇಕು ಹೇಳು" ಎಂದು ಮೇಷ್ಟ್ರು ಡಬ್ಬಿ ಮುಂದಿಟ್ಟಾಗ, ಆಕೆ ಕನ್ನಡಕ ಸರಿಪಡಿಸಿಕೊಂಡು ಮುಮ್ಮಡಿಯವರ ಕಾಲದ ಒಂದು ಕಾಸನ್ನು ಆರಿಸಿಕೊಂಡರು.

"ಪಗಡೆಯಾಡುವಾಗ ಒಂದು ಕಾಯಿ ಕಳೆದುಹೋಗಿತ್ತು ಕಣೋ. ಅಪ್ಪ ಇದನ್ನೇ ಕೊಟ್ಟಿದ್ದರು. ಆಟ ಮುಗಿದ ಮೇಲೆ ಮರೆಯದೆ ಇಸಿದುಕೊಳ್ಳುತ್ತಿದ್ದರು" ಎಂದರು.

ನಿಮ್ಮ ಅಟ್ಟದ ಮೇಲೆಯೂ ಇಂಥ ಡಬ್ಬಿಯೊಂದಿರಬಹುದು. ಇದ್ದರೆ ಹುಣಸೆಹಣ್ಣು ದೂರವಿಡಿ, ದಬ್ಬಳ ದೂರವಿಡಿ. ಮನೆಯ ಹಿರಿಯರನ್ನು ಹತ್ತಿರ ಕೂಡಿಸಿಕೊಂಡು ಮುಚ್ಚಳ ತೆಗೆಯಿರಿ.