ಬ್ಯಾಟರಿ ಬದಲಿಸಿ ಅಂದವರು ನಾವೇ

ಹೋದ ಡಿಸೆಂಬರ್ ರಜೆಯಲ್ಲಿ ನಮ್ಮ ಬ್ಯಾಚ್‌ನ ಮೂವರು ಗೆಳೆಯನ ಊರು ಹಳ್ಳಿಖೇಡ (ಬಿ)ಗೆ ಹೋಗಿದ್ದೆವು. ಅವನ ಪಕ್ಕದ ಮನೆಯವರ ಹತ್ತಿರ ಒಂದು ಹಳೇ ಡೀಸೆಲ್ ಪಿಕಪ್ ಇದೆ. ಬೆಳಗಿನ ಜಾವ ತರಕಾರಿ ತುಂಬಿಕೊಂಡು ಹುಮನಾಬಾದಿಗೆ ಹೋಗುತ್ತದೆ, ವಾಪಸ್ ಬರುವಾಗ ಗೊಬ್ಬರವೋ ಸಿಮೆಂಟೋ ಸಿಕ್ಕರೆ ಹೇರಿಕೊಂಡು ಬರುತ್ತದೆ. "ಮುಂಜಾನಿ ಚಾಲೂ ಆಗಂಗಿಲ್ಲ, ಮಧ್ಯಾಹ್ನ ಏನೂ ತಕರಾರ್ ಇಲ್ಲ. ನೀವ್ ಎಂಜಿನಿಯರ್ ಓದೋರು, ಏನಾಗ್ಯಾದ ನೋಡ್ರಿ" ಅಂದರು.

ನಾವು ಬಾನೆಟ್ ಎತ್ತಿದೆವು. ಸ್ಟಾರ್ಟರ್ ನಿಧಾನಕ್ಕೆ ಗೊಣಗುವ ಸದ್ದು ಕೇಳಿ ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟೆವು: ಬ್ಯಾಟರಿ ಹೋಗಿದೆ. ಅವರು ಸಾವಿರಾರು ರೂಪಾಯಿ ಕೊಟ್ಟು ಹೊಸದು ತಂದರು. ಮೂರು ದಿನ ಗಾಡಿ ಚೆನ್ನಾಗಿ ಎದ್ದಿತು, ನಾಲ್ಕನೇ ದಿನ ಮತ್ತೆ ಅದೇ ರಾಗ. ಅಷ್ಟರಲ್ಲಿ ಹಳೇ ಬ್ಯಾಟರಿ ಎಕ್ಸ್‌ಚೇಂಜ್‌ಗೆ ಹೋಗಿಯಾಗಿತ್ತು. ಅದು ಚೆನ್ನಾಗಿತ್ತೋ ಇಲ್ಲವೋ ತಿಳಿಯಲು ಈಗ ದಾರಿಯಿಲ್ಲ, ನಾವು ಅಳೆದೇ ಇರಲಿಲ್ಲವಲ್ಲ. ಅವರು ಬೈಯಲಿಲ್ಲ, ಚಹಾ ಕೊಟ್ಟರು. ಬೈದಿದ್ದರೇ ವಾಸಿ ಅನ್ನಿಸಿತು.

ಅಳೆಯದೆ ಬಿಡಿಭಾಗ ಬದಲಿಸೋದು ರಿಪೇರಿ ಅಲ್ಲ, ಇನ್ನೊಬ್ಬರ ದುಡ್ಡಲ್ಲಿ ಆಡುವ ಜೂಜು. ಈ ಜೂಜು ಆಡದೇ ಇರೋದನ್ನು ನಾವು ನಾಲ್ಕು ವರ್ಷದಲ್ಲಿ ಸರಿಯಾಗಿ ಕಲಿಯುತ್ತಿಲ್ಲ ಅನ್ನೋದೇ ನಮ್ಮ ತಕರಾರು.

ನೋಡಿ, ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು ಅನ್ನೋದು ವೈವಾದಲ್ಲಿ ನಮಗೆಲ್ಲ ಬಾಯಿಪಾಠ. ಕಂಪ್ರೆಷನ್ ರೇಷಿಯೋ 17 ಅಂತ ಇಟ್ಟುಕೊಂಡರೆ, 10 ಡಿಗ್ರಿಯ ಗಾಳಿ ಆದರ್ಶ ಲೆಕ್ಕದಲ್ಲಿ 600 ಡಿಗ್ರಿ ದಾಟುತ್ತದೆ. ಆದರೆ ಬೀದರ್ ಜಿಲ್ಲೆಯ ಚಳಿಗಾಲದ ಬೆಳಗ್ಗೆ ಎಂಜಿನ್ ನಿಧಾನಕ್ಕೆ ಸುತ್ತಿದರೆ ಆ ಆದರ್ಶ ಉಳಿಯಲ್ಲ. ಗಾಳಿ ಪಿಸ್ಟನ್ ರಿಂಗ್ ಸಂದಿಯಲ್ಲಿ ಸೋರುತ್ತದೆ, ಬಿಸಿಯನ್ನು ತಣ್ಣನೆಯ ಲೋಹ ಹೀರುತ್ತದೆ. ಡೀಸೆಲ್ ಪೂರ್ತಿ ಉರಿಯದೆ ಬಿಳಿ ಹೊಗೆಯಾಗಿ ಹೊರಗೆ ಬರುತ್ತದೆ, ಗಾಡಿ ನಡುಗುತ್ತಾ ಏಳುತ್ತದೆ. ಇಷ್ಟೆಲ್ಲ ಓದಿದ್ದ ನಾವು ಹೊಗೆಯ ಬಣ್ಣವನ್ನೇ ಕೇಳಿರಲಿಲ್ಲ!

ಎರಡನೇ ಸಲ ಬುದ್ಧಿ ಬಂತು, ಬರೀ ಪ್ರಶ್ನೆಗಳಿಂದ ಶುರು ಮಾಡಿದೆವು. ತಣ್ಣಗಿದ್ದಾಗ ಮಾತ್ರ ತೊಂದರೆಯೋ, ಬಿಸಿ ಇದ್ದಾಗಲೂ ಇದೆಯೋ? ಸ್ಟಾರ್ಟರ್ ನಿಧಾನವೋ, ಜೋರಾಗಿ ಸುತ್ತಿಯೂ ಹೊತ್ತಿಕೊಳ್ಳುವುದಿಲ್ಲವೋ? ಸುತ್ತುವಾಗ ಹೊಗೆ ಬರುತ್ತದೆಯೋ? ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರ್ ತಲುಪುತ್ತಿಲ್ಲ ಅಂತ ಅನುಮಾನ. ಬಿಳಿ ಹೊಗೆ ಬಂದರೆ ತಲುಪುತ್ತಿದೆ, ಉರಿಯುತ್ತಿಲ್ಲ. ಈ ಪ್ರಶ್ನೆಗಳಿಗೆ ಒಂದು ಪೈಸೆ ಖರ್ಚಿಲ್ಲ.

ಆಮೇಲೆ ಪ್ರಾಜೆಕ್ಟ್‌ಗೆ ಅಂತ ಕೊಂಡಿದ್ದ ಮಲ್ಟಿಮೀಟರ್ ತೆಗೆದೆವು. ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್, ಕ್ರ್ಯಾಂಕ್ ಮಾಡುವಾಗ 10.8. ಸಾಮಾನ್ಯವಾಗಿ 9.6ಕ್ಕಿಂತ ಕೆಳಗೆ ಇಳಿಯದಿದ್ದರೆ ಸಾಕು. ಅಂದರೆ ಬ್ಯಾಟರಿ ಸರಿಯಾಗಿದೆ. ಮೀಟರ್‌ನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕ್‌ಗೆ ಇಟ್ಟು ಮತ್ತೆ ಕ್ರ್ಯಾಂಕ್ ಮಾಡಿಸಿದೆವು. 1.8 ವೋಲ್ಟ್! ಅಲ್ಲಿ ಅರ್ಧ ವೋಲ್ಟ್ ಕಂಡರೂ ಹೆಚ್ಚೇ. ಎಂಜಿನ್‌ನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯ ಬೋಲ್ಟ್ ಕೆಳಗೆ ತುಕ್ಕು ಕೂತಿತ್ತು. ಸ್ಟಾರ್ಟರ್ 200 ಆಂಪಿಯರ್ ಎಳೆಯುವ ಹೊತ್ತಿಗೆ 0.01 ಓಮ್ ರೆಸಿಸ್ಟೆನ್ಸ್ ಇದ್ದರೂ 2 ವೋಲ್ಟ್ ಅಲ್ಲೇ ಮಾಯ. ಪಿಯುಸಿಯಲ್ಲಿ ಓದಿದ ಓಮ್ ನಿಯಮ ಇದು, ಬೇರೇನಲ್ಲ. ಹೊಸ ಬ್ಯಾಟರಿಯ ಕಸುವಿನಲ್ಲಿ ಈ ದೋಷ ಮೂರು ದಿನ ಮುಚ್ಚಿಹೋಗಿತ್ತು ಅಷ್ಟೇ.

ಮರಳು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿದ ಮೇಲೆ ಸ್ಟಾರ್ಟರ್ ಜೋರಾಗಿ ಸುತ್ತಿತು. ಆದರೂ ಮರುದಿನ ಬೆಳಗ್ಗೆ ಎದ್ದ ಮೇಲೆ ಕೆಲವು ಕ್ಷಣ ಎಂಜಿನ್ ಮುಗ್ಗರಿಸುತ್ತಿತ್ತು. ಫಿಲ್ಟರ್‌ನ ಮುಂಚೆ ಸ್ವಲ್ಪ ಹೊತ್ತಿಗೆ ಒಂದು ಪಾರದರ್ಶಕ ಪೈಪ್ ಹಾಕಿ ನೋಡಿದರೆ ಡೀಸೆಲ್ ಜೊತೆ ಗುಳ್ಳೆಗಳು. ಟ್ಯಾಂಕ್‌ನಿಂದ ಬರುವ ಹೋಸ್‌ನ ಕ್ಲಿಪ್ ಸಡಿಲ. ಕೆಳಗೆ ಒಂದು ಹನಿ ಡೀಸೆಲ್ ಬಿದ್ದಿರಲಿಲ್ಲ, ಯಾಕಂದ್ರೆ ಅದು ಪಂಪ್ ಎಳೆಯುವ ಕಡೆ. ಅಲ್ಲಿ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ನುಗ್ಗುತ್ತದೆ. ರಾತ್ರಿಯಿಡೀ ನಿಂತಾಗ ಡೀಸೆಲ್ ಹಿಂದಕ್ಕೆ ಜಾರಿ ಲೈನ್‌ನಲ್ಲಿ ಗಾಳಿ ತುಂಬುತ್ತದೆ. ಹೊಸ ಕ್ಲಿಪ್ ಹಾಕಿ, ಹ್ಯಾಂಡ್ ಪ್ರೈಮರ್ ಒತ್ತಿ ಗಾಳಿ ತೆಗೆದೆವು. ಮರುದಿನ ಮೊದಲ ಸಲಕ್ಕೇ ಗಾಡಿ ಎದ್ದಿತು.

ಒಂದು ಎಚ್ಚರಿಕೆ. ಹಳೇ ಎಂಜಿನ್‌ಗಳಲ್ಲಿ ಮಾಡುವಂತೆ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಪರೀಕ್ಷಿಸುವುದನ್ನು ಕಾಮನ್ ರೈಲ್ ಗಾಡಿಯಲ್ಲಿ ಮಾಡಲೇಬೇಡಿ. ಅಲ್ಲಿನ ಒತ್ತಡ 1000 ಬಾರ್ ದಾಟಬಹುದು, ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಇಷ್ಟು ಓದಿ ಕೆಲವರು ಕೇಳಬಹುದು, "ಅನುಭವ ಇರೋ ಮೆಕ್ಯಾನಿಕ್ ಸದ್ದು ಕೇಳಿಯೇ ಹೇಳ್ತಾನಲ್ಲ?" ಹೇಳ್ತಾನೆ, ನಿಜ. ಅವನ ಕಿವಿಯ ಹಿಂದೆ ಸಾವಿರ ಗಾಡಿಗಳಿವೆ. ನಮ್ಮ ಕಿವಿಯ ಹಿಂದೆ ಒಂದೂ ಇರಲಿಲ್ಲ, ಆದರೂ ಅವನ ಧಾಟಿಯಲ್ಲೇ ಮಾತಾಡಿದೆವು. ಆ ಕಿವಿ ಬರುವವರೆಗೆ ನಮ್ಮ ಕೈಯಲ್ಲಿ ಮೀಟರ್ ಇರಬೇಕು.

ನಮ್ಮ ಲ್ಯಾಬ್‌ನಲ್ಲಿ ಎಂಜಿನ್ ಯಾವಾಗಲೂ ಸರಿಯಾಗಿಯೇ ಚಾಲೂ ಆಗುತ್ತದೆ. ನಾವು ರೀಡಿಂಗ್ ಬರೆದುಕೊಂಡು, ಗ್ರಾಫ್ ಎಳೆದು, ಸಹಿ ಹಾಕಿಸಿಕೊಂಡು ಬರುತ್ತೇವೆ. ಸೆಮಿಸ್ಟರ್‌ಗೆ ಒಂದು ಮಧ್ಯಾಹ್ನ ಸಾಕು: ಒಂದು ಹಳೇ ಎಂಜಿನ್‌ನಲ್ಲಿ ಮೇಷ್ಟ್ರೇ ಒಂದು ಅರ್ತ್ ಸಡಿಲಿಸಲಿ, ಒಂದು ಕ್ಲಿಪ್ ಬಿಚ್ಚಲಿ, ಏನು ಮಾಡಿದೆವು ಅಂತ ಹೇಳದೆ ಇರಲಿ. ಹುಡುಕುವುದು ನಮ್ಮ ಕೆಲಸ. ಅಂದಾಜಿಗೆ ಅಂಕ ಬೇಡ, ಅಳೆದು ತೋರಿಸಿದರೆ ಮಾತ್ರ ಕೊಡಲಿ.

ಲ್ಯಾಬ್‌ನಲ್ಲಿ ತಪ್ಪಿದರೆ ನಮಗೆ ಎರಡು ಅಂಕ ಹೋಗುತ್ತದೆ. ಹಳ್ಳಿಖೇಡದಲ್ಲಿ ತಪ್ಪಿದಾಗ ಹೋದದ್ದು ಬೇರೆಯವರ ದುಡ್ಡು. ಬ್ಯಾಟರಿಗೆ ನಾವೂ ಪಾಲು ಕೊಡ್ತೀವಿ ಅಂದೆವು. "ಇರ್ಲಿ ಬಿಡ್ರಿ, ಹೊಸ ಬ್ಯಾಟರಿ ಎಲ್ಲಿಗ್ ಹೋಗ್ತದ" ಅಂತ ನಕ್ಕರು. ಆ ಬಾಕಿ ಇನ್ನೂ ನಮ್ಮ ಮೇಲೇ ಇದೆ.