ಕಣ್ಣಿಗೆ ಪರವಾನಗಿ ಯಾರು ಕೊಟ್ಟರು?

ಬೆಳಗಾವಿಯ ಖಡೇಬಜಾರದ ಬದಿಗೆ ಗೋಣಿತಟ್ಟು ಹಾಸಿ ಚಪ್ಪಲಿ ಹೊಲಿಯಲು ಕೂಡುವವನಿಗೆ ಕಾಗದ ಬೇಕು. ೨೦೧೪ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂದ ಮೇಲೆ ಪಾಲಿಕೆಯ ಪ್ರಮಾಣಪತ್ರ ಕೈಯಲ್ಲಿದ್ದರೆ ಅವನು ವ್ಯಾಪಾರಿ, ಇಲ್ಲದಿದ್ದರೆ ಅತಿಕ್ರಮಣ. ಖಾನಾಪುರದಾಗ ಒಂದು ಚಹಾದಂಗಡಿ ಇಡಬೇಕಾದರೆ ಪಟ್ಟಣ ಪಂಚಾಯತಿಯ ಲೈಸೆನ್ಸು ಬೇಕು. ಏಪ್ರಿಲ್ ೧೪ರಂದು ಬಾಬಾಸಾಹೇಬರ ಫೋಟೋವನ್ನು ಟ್ರ್ಯಾಕ್ಟರಿನ ಮೇಲಿಟ್ಟು ಊರ ನಡುವೆ ಒಯ್ಯಬೇಕಾದರೆ ಠಾಣೆಯ ಪರವಾನಗಿ, ಮೈಕಿಗೆ ಮತ್ತೊಂದು ಪರವಾನಗಿ. ಆದರೆ ದುಡ್ಡಿದ್ದವನೊಬ್ಬ ತನ್ನ ಮಾಳಿಗೆಯ ಮೂಲೆಗೆ ಸಿಸಿ ಕ್ಯಾಮರಾ ಹಚ್ಚಿ ಅದರ ಮೂತಿಯನ್ನು ನಮ್ಮ ಕೇರಿಯ ಕಡೆ ತಿರುಗಿಸಿದರೆ ಯಾರಪ್ಪನ ಅಪ್ಪಣೆಯೂ ಬೇಡ!

ಕಾನೂನೇ ಇಲ್ಲವೆಂದಲ್ಲ. ಇದೆ. ೨೦೧೭ರಲ್ಲಿ ಕರ್ನಾಟಕದ ವಿಧಾನಮಂಡಲ ಸಾರ್ವಜನಿಕ ಸುರಕ್ಷತೆಯ ಕಾಯ್ದೆ ಮಾಡಿತು. ಒಂದೇ ಹೊತ್ತಿಗೆ ೧೦೦ ಜನ, ಇಲ್ಲವೆ ದಿನಕ್ಕೆ ೫೦೦ ಜನ ಬಂದು ಹೋಗುವ ಅಂಗಡಿ, ಆಸ್ಪತ್ರೆ, ಕಾಲೇಜು, ಗುಡಿ, ಬಸ್ ನಿಲ್ದಾಣಗಳು ಕ್ಯಾಮರಾ ಹಚ್ಚಲೇಬೇಕು. ಚಿತ್ರವನ್ನು ೩೦ ದಿನ ಕಾಯ್ದಿಡಬೇಕು. ಪೊಲೀಸರು ಕೇಳಿದರೆ ಕೊಡಬೇಕು. ಇಷ್ಟು. ಅದು ಹಚ್ಚು ಎನ್ನುವ ಕಾಯ್ದೆ. ಮನೆಯವನೊಬ್ಬ ಯಾರ ಅಂಗಳದ ಕಡೆ ಹಚ್ಚಬಾರದು ಎಂಬುದು ಅದರ ಚಿಂತೆಯಲ್ಲ. ವಿದ್ಯುತ್ ಕಂಬಕ್ಕೆ ಕಟ್ಟುವುದಾದರೆ ಹೆಸ್ಕಾಂನವರನ್ನು ಕೇಳಬೇಕು. ಅಂದರೆ ಕಂಬಕ್ಕೆ ಯಜಮಾನ ಇದ್ದಾನೆ, ಕಂಬದ ಕೆಳಗೆ ಬದುಕುವವರಿಗೆ ಇಲ್ಲ. ಇನ್ನು ೨೦೨೫ರ ಏಪ್ರಿಲ್‌ನಿಂದ ಮಾರುವ ಕ್ಯಾಮರಾಗಳಿಗೆ ಕೇಂದ್ರ ಸರ್ಕಾರದ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ. ಹೊರದೇಶದವರು ನಮ್ಮನ್ನು ಕದ್ದು ನೋಡಬಾರದಂತೆ. ಒಳ್ಳೆಯದು. ಊರ ಪಾಟೀಲರು ನೋಡಬಹುದು.

ಖಾನಾಪುರ ತಾಲೂಕಿನ ಒಂದು ಊರು. ಹೆಸರು ಬೇಡ, ಅಲ್ಲಿ ನಮ್ಮವರು ಇನ್ನೂ ಬಾಳುವೆ ಮಾಡಬೇಕು. ವಾಡೆಯಂಥ ಮನೆಯೊಂದರ ಎರಡನೆಯ ಅಂತಸ್ತಿನಲ್ಲಿ ಕ್ಯಾಮರಾ ಬಂತು. ಆ ಮನೆಯ ಬಾಗಿಲು ಮೂಡಣಕ್ಕೆ, ಕ್ಯಾಮರಾದ ಮುಖ ಪಡುವಣಕ್ಕೆ. ಪಡುವಣಕ್ಕೆ ನಮ್ಮ ದೊಡ್ಡವ್ವನ ಮಗಳ ಮನೆ, ಮನೆಯ ಹಿಂದೆ ಹಾಸುಗಲ್ಲಿನ ಬಚ್ಚಲು, ಸುತ್ತಲೂ ಮೂರು ಕಡೆ ಗೋಣಿಚೀಲದ ಮರೆ. ಮೇಲೆ ಆಕಾಶ. ಅಕ್ಕ ಹೇಳಿದಳು: "ತಮ್ಮಾ, ಈಗ ನಾವು ಹೆಣಮಕ್ಕಳು ನಸುಕಿನ ಮೂರಕ್ಕ ಎದ್ದು ಮೈ ತೊಳಕೋತೀವಿ. ಕತ್ತಲಿದ್ದಾಗ." ನಾನು ಅಂದೆ: "ಅಕ್ಕಾ, ಅದಕ್ಕ ಕತ್ತಲದಾಗೂ ಕಾಣತೈತಿ." ಆಕೆ ಕೈಯಲ್ಲಿದ್ದ ಕೊಡ ಕೆಳಗಿಟ್ಟಳು.

ಕೇಳಲು ಹೋದೆವು. ಕುರ್ಚಿಯಲ್ಲಿದ್ದವರು ನಕ್ಕರು. "ಅವರ ಮನಿ, ಅವರ ಕ್ಯಾಮರಾ. ನಿಮ್ಮ ಓಣಿ ಅವರ ಹಿತ್ತಲ ಮುಂದ ಬಂದ್ರ ಅವರೇನ್ ಮಾಡಬೇಕು? ನೀವು ಕಳ್ಳರಲ್ಲಂದ್ರ ಅಂಜಿಕಿ ಯಾಕ?"

ಗೆಳೆಯರೇ, ಈ ಕೊನೆಯ ಮಾತನ್ನು ಗಮನಿಸಿ. ಇದು ಇಂದಿನ ಮಾತಲ್ಲ. ೧೮೭೧ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ೧೯೧೧ರಲ್ಲಿ, ೧೯೨೪ರಲ್ಲಿ ಅದನ್ನು ಮತ್ತೆ ಬಿಗಿ ಮಾಡಿದರು. ನಮ್ಮ ಮುಂಬಯಿ ಕರ್ನಾಟಕದಲ್ಲಿ ಕೊರಮರು, ಗಂಟಿಚೋರರು, ಹರಣಶಿಕಾರಿಗಳು ಹುಟ್ಟುತ್ತಲೇ ಕಳ್ಳರಾದರು. ಹೆಸರು ದಾಖಲಾಗಬೇಕು, ಬೆರಳೊತ್ತಬೇಕು, ಹೊತ್ತಿಗೆ ಸರಿಯಾಗಿ ಹಾಜರಿ ಕೊಡಬೇಕು. ಮಗಳ ಊರಿಗೆ ಹೋಗಬೇಕಾದರೂ ಕೈಯಲ್ಲಿ ಪಾಸು ಇರಬೇಕು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಅವರನ್ನು ಕೂಡಿಹಾಕಿದ ಜಾಗಗಳನ್ನು ಜನ ಇಂದಿಗೂ ಸೆಟ್ಲಮೆಂಟ್ ಎನ್ನುತ್ತಾರೆ. ೧೯೫೨ರಲ್ಲಿ ಆ ಕಾಯ್ದೆ ಸತ್ತಿತು. ಅದರ ಜಾಗದಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಕರ್ನಾಟಕದ್ದು ೧೯೬೧ರದು. ಅಂದು ನೋಡಿಸಿಕೊಳ್ಳುವವನು ಪರವಾನಗಿ ಹಿಡಿದು ತಿರುಗಬೇಕಿತ್ತು. ಇಂದೂ ಅವನೇ ತಿರುಗಬೇಕು. ನೋಡುವವನನ್ನು ಅಂದೂ ಕೇಳಲಿಲ್ಲ, ಇಂದೂ ಕೇಳುವುದಿಲ್ಲ. ಹಾಜರಿ ತಗೊಳ್ಳುವ ಕೆಲಸವನ್ನು ಪಾಪ ಜಮಾದಾರನ ಹೆಗಲಿನಿಂದ ಇಳಿಸಿ ಗೋಡೆಗೆ ನೇತುಹಾಕಿದ್ದಾರೆ, ಅಷ್ಟೇ.

ಖಾಸಗಿತನ ಮೂಲಭೂತ ಹಕ್ಕು ಎಂದು ೨೦೧೭ರ ಆಗಸ್ಟ್ ೨೪ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮದೇ ಕರ್ನಾಟಕದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಖಾಸಗಿತನ ಇರುವುದು ಜಾಗಕ್ಕಲ್ಲ, ಮನುಷ್ಯನಿಗೆ ಎಂಬ ಮಾತೂ ಆ ತೀರ್ಪಿನಲ್ಲಿದೆ. ಓದಿ ನನಗೆ ಬಹಳ ಸಂತೋಷವಾಯಿತು. ಆದರೆ ಕೇರಿಗೆ ಬಂದು ನೋಡಿ ಸ್ವಾಮಿ, ಅದು ಗೋಡೆ ಇದ್ದವನ ಆಸ್ತಿ. ಗೋಡೆಯಿಲ್ಲದ ಬಚ್ಚಲಿಗೆ ಒಂಬತ್ತು ನ್ಯಾಯಮೂರ್ತಿಗಳ ಮರೆಯೂ ಸಾಲುವುದಿಲ್ಲ. ಹೆಣ್ಣುಮಕ್ಕಳ ಮೈಯನ್ನು ಕದ್ದು ಸೆರೆಹಿಡಿದರೆ ಅಪರಾಧ ಎಂದು ನ್ಯಾಯಸಂಹಿತೆಯ ೭೭ನೇ ಕಲಮು ಹೇಳುತ್ತದೆ, ನಿಜ. ಅದನ್ನು ಸಾಬೀತು ಮಾಡುವ ಚಿತ್ರ ಯಾರ ಪೆಟ್ಟಿಗೆಯಲ್ಲಿದೆ? ನೋಡಿದವನ ಪೆಟ್ಟಿಗೆಯಲ್ಲಿ. ಕೋಲ್ಕತ್ತದ ಒಂದು ಮನೆಯಲ್ಲಿ ಅಣ್ಣತಮ್ಮಂದಿರ ಜಗಳ ಬಂದು, ಜೊತೆಗೆ ವಾಸಿಸುವವರ ಒಪ್ಪಿಗೆಯಿಲ್ಲದೆ ಮನೆಯೊಳಗೆ ಕ್ಯಾಮರಾ ನಡೆಸಕೂಡದೆಂದು ಅಲ್ಲಿಯ ಹೈಕೋರ್ಟು ೨೦೨೫ರಲ್ಲಿ ಹೇಳಿತು. ಸುಪ್ರೀಂ ಕೋರ್ಟು ಅದರಲ್ಲಿ ಕೈಹಾಕಲಿಲ್ಲ. ಒಂದೇ ಸೂರಿನ ಅಣ್ಣತಮ್ಮಂದಿರಿಗೆ ಒಪ್ಪಿಗೆ ಬೇಕು. ಊರಿಗೂ ಕೇರಿಗೂ ಬೇಡವೆ?

ನಮ್ಮ ಸಂಘಟನೆಯ ಗೆಳೆಯರೇ ಕೆಲವರು ನನ್ನ ಜೊತೆ ಜಗಳಕ್ಕೆ ಬರುತ್ತಾರೆ. "ಕ್ಯಾಮರಾ ಇದ್ದರೆ ದೌರ್ಜನ್ಯಕ್ಕೆ ಸಾಕ್ಷಿ ಸಿಗುತ್ತದಲ್ಲೋ ಮಾರಾಯ, ಸಾಕ್ಷಿದಾರರು ತಿರುಗಿಬಿದ್ದು ಎಷ್ಟು ಕೇಸು ಬಿದ್ದುಹೋದವು" ಎನ್ನುತ್ತಾರೆ. ಈ ಮಾತಿನಲ್ಲಿ ನೋವಿದೆ, ಆದ್ದರಿಂದ ಉತ್ತರ ಕೊಡಬೇಕು. ೨೦೨೩ರ ಡಿಸೆಂಬರ್ ೧೧. ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಿತ್ತು. ಅದೇ ಬೆಳಗಾವಿ ತಾಲೂಕಿನ ಹೊಸ ವಂಟಮುರಿಯಲ್ಲಿ, ಮಗ ಪ್ರೀತಿಸಿದ ಹುಡುಗಿಯ ಜೊತೆ ಹೋದನೆಂದು ತಾಯಿಯನ್ನು ಬತ್ತಲೆ ಮಾಡಿ ಕಂಬಕ್ಕೆ ಕಟ್ಟಿ ಹೊಡೆದರು. ಹೈಕೋರ್ಟು ತಾನೇ ಮೊಕದ್ದಮೆ ಎತ್ತಿಕೊಂಡಿತು. ಜನ ನಿಂತು ನೋಡಿದ್ದನ್ನು ಹೇಡಿತನ ಎಂದು ಕರೆಯಿತು. ಅಲ್ಲಿ ಕಣ್ಣುಗಳಿಗೆ ಬರಗಾಲವಿತ್ತೇ? ಕಣ್ಣುಗಳಿದ್ದವು. ಕೈಗಳು ಬರಲಿಲ್ಲ.

ಸಾಕ್ಷಿಗೆ ಕ್ಯಾಮರಾ ಬೇಕೆನ್ನುವವರು ಮೊದಲು ಕಾನೂನು ನಮಗಾಗಿಯೇ ಬರೆದ ಕ್ಯಾಮರಾವನ್ನು ಕೇಳಲಿ. ದೌರ್ಜನ್ಯ ತಡೆ ಕಾಯ್ದೆಗೆ ೨೦೧೫ರಲ್ಲಿ ತಿದ್ದುಪಡಿ ಬಂದು ೧೫ಎ ಕಲಮು ಸೇರಿತು. ಆ ಕಾಯ್ದೆಯ ಅಪರಾಧಗಳಿಗೆ ಸಂಬಂಧಿಸಿದ ಎಲ್ಲ ನಡಾವಳಿಗಳನ್ನೂ ವಿಡಿಯೋದಲ್ಲಿ ದಾಖಲಿಸಬೇಕು ಎಂದು ಅದರ ಹತ್ತನೆಯ ಉಪಕಲಮು ಹೇಳುತ್ತದೆ. ಬೇಕು ಎಂದಿದೆ, ಬೇಕಾದರೆ ಎಂದಿಲ್ಲ. ಅಂಥ ಕೇಸಿನಲ್ಲಿ ಕೋರ್ಟು ಹತ್ತಿದ ನಿಮ್ಮ ಅಣ್ಣನನ್ನೋ ಚಿಗವ್ವನನ್ನೋ ಕೇಳಿರಿ, ಅಲ್ಲಿ ಯಾವ ಗೋಡೆಯ ಮೇಲೆ ಆ ಕಣ್ಣು ಕಂಡಿತೆಂದು.

ಇನ್ನು ಪೊಲೀಸ್ ಠಾಣೆ. ೨೦೨೦ರ ಡಿಸೆಂಬರ್ ೨ರಂದು ಪರಮವೀರ್ ಸಿಂಗ್ ಸೈನಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ದೇಶದ ಪ್ರತಿ ಠಾಣೆಗೂ ಕ್ಯಾಮರಾ ಹಚ್ಚಲು ಆಜ್ಞೆ ಮಾಡಿತು. ಬಾಗಿಲು, ಲಾಕಪ್ಪು, ಪಡಸಾಲೆ, ಇನ್‌ಸ್ಪೆಕ್ಟರರ ಕೋಣೆ, ಎಲ್ಲ ಕಡೆ. ಕತ್ತಲಲ್ಲೂ ಕಾಣಬೇಕು, ದನಿಯೂ ದಾಖಲಾಗಬೇಕು. ೧೮ ತಿಂಗಳು ಕಾಯ್ದಿಡಬೇಕು, ಅದಾಗದಿದ್ದರೆ ಒಂದು ವರ್ಷವಾದರೂ. ಇಲ್ಲಿ ಕ್ಯಾಮರಾ ಇದೆ, ದೂರು ಕೊಡುವ ಹಕ್ಕು ನಿಮಗಿದೆ ಎಂದು ಜನರ ಭಾಷೆಯಲ್ಲಿ ದೊಡ್ಡ ಫಲಕ ಹಾಕಬೇಕು. ಐದು ವರ್ಷ ಕಳೆಯುತ್ತ ಬಂದಾಗ, ೨೦೨೫ರ ಸೆಪ್ಟೆಂಬರಿನಲ್ಲಿ, ಅದೇ ಕೋರ್ಟು ಠಾಣೆಗಳಲ್ಲಿ ಕ್ಯಾಮರಾಗಳು ನಡೆಯುತ್ತಿಲ್ಲವೆಂದು ತಾನಾಗಿಯೇ ಮತ್ತೆ ವಿಚಾರಣೆಗೆ ಎತ್ತಿಕೊಳ್ಳಬೇಕಾಯಿತು. ರಾಜಸ್ಥಾನದಲ್ಲಿ ಎಂಟು ತಿಂಗಳಲ್ಲಿ ೧೧ ಮಂದಿ ಕಸ್ಟಡಿಯಲ್ಲಿ ಸತ್ತ ಪತ್ರಿಕಾ ವರದಿ ಅದಕ್ಕೆ ಕಾರಣ. ಕೇರಿಯ ಬಚ್ಚಲ ಮೇಲಿನ ಕ್ಯಾಮರಾ ಎಂದೂ ಕೆಡುವುದಿಲ್ಲ, ಲಾಕಪ್ಪಿನದು ಮಾತ್ರ ಕೆಡುತ್ತದೆ. ಇದು ಯಾವ ಕಂಪನಿಯ ಮಾಲು?

೨೦೧೬ರ ಜನವರಿಯಲ್ಲಿ ಬೆಳಗಾವಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳಲ್ಲಿ ಒಂದೆನಿಸಿತು. ಕಮಾಂಡ್ ಸೆಂಟರಿನ ಪರದೆಗಳೂ ಬಂದವು. ಮ್ಯಾನ್‌ಹೋಲಿನೊಳಗೆ ಒಂದು ಕ್ಯಾಮರಾ ಇಳಿಸಿ, ಆ ಪರದೆಯ ಮೇಲೆ ನಮ್ಮವರ ತಲೆ ಕಂಡರೆ ಅಧಿಕಾರಿಗಳು ಊಟ ಬಿಟ್ಟು ಏಳುತ್ತಾರೇನೋ ನೋಡೋಣ.

ಈಗ ಮಾಡುವುದೇನು? ಗ್ರಾಮಸಭೆಯಲ್ಲಿ ಏಳಬೇಕು. ಬೇರೆಯವರ ಅಂಗಳ, ಬಚ್ಚಲು, ನೀರಿನ ಜಾಗ ಕಾಣುವಂತೆ ಕ್ಯಾಮರಾ ಹಚ್ಚುವವನು ಆ ಓಣಿಯ ಹೆಣ್ಣುಮಕ್ಕಳ ಒಪ್ಪಿಗೆ ತರಬೇಕು ಎಂದು ಠರಾವು ಬರೆಸಬೇಕು. ಬರೆಯದಿದ್ದರೆ ಬರೆಯಲಿಲ್ಲ ಎಂದು ಬರೆಸಬೇಕು. ಹಳ್ಳಿಯ ಮಾಸ್ತರರು ಮಾಡಬೇಕಾದದ್ದು ಇನ್ನೊಂದಿದೆ. ಠಾಣೆಯ ಕ್ಯಾಮರಾಗಳ ಮೇಲೆ ಕಣ್ಣಿಡಲು ಜಿಲ್ಲಾ ಸಮಿತಿ ಇರಬೇಕೆಂದು ೨೦೨೦ರ ಆ ಆಜ್ಞೆಯಲ್ಲೇ ಇದೆ. ಪ್ರಾದೇಶಿಕ ಆಯುಕ್ತರು, ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠರು ಅದರೊಳಗೆ ಬರುತ್ತಾರೆ. ಮೂವರ ಕಚೇರಿಯೂ ಬೆಳಗಾವಿಯಲ್ಲೇ ಇವೆ, ಬಸ್ಸು ಬದಲಿಸಬೇಕಾಗಿಲ್ಲ. ಆ ಸಮಿತಿ ಎಂದು ಸೇರಿತು, ಖಾನಾಪುರ ಮತ್ತು ನಂದಗಡ ಠಾಣೆಗಳ ಬಗ್ಗೆ ಏನು ಬರೆಯಿತು, ಪ್ರತಿ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿಯಲ್ಲಿ ಒಂದೇ ವಿಷಯ ಇರಲಿ, ೧೫೦ ಪದ ಮೀರದಿರಲಿ, ಇಲ್ಲದಿದ್ದರೆ ಅದೇ ನೆಪ ಮಾಡಿ ತಿರುಗಿ ಕಳಿಸುತ್ತಾರೆ. ಶುಲ್ಕ ಹತ್ತು ರೂಪಾಯಿ. ಬಿಪಿಎಲ್ ಕಾರ್ಡಿದ್ದವರ ಹೆಸರಿನಲ್ಲಿ ಹಾಕಿದರೆ ಅದೂ ಬೇಡ.