ನಮ್ಮ ರೊಕ್ಕ ಬೇಕು, ನಾವು ಬೇಡವೇ?

ಹಾಸ್ಟೆಲಿನ ಗೆಳೆಯರೇ,

ಬ್ಯಾಂಕು ಅಂದರೆ ಸಾವುಕಾರರ ರೊಕ್ಕದಿಂದ ಬೆಳೆದದ್ದು ಎಂದು ನಮ್ಮ ಕೇರಿಗಳಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಸಿಂಡಿಕೇಟ್ ಬ್ಯಾಂಕಿನ ಚರಿತ್ರೆ ತೆಗೆದು ನೋಡ್ರಿ, ಬೇರೆಯೇ ಕತೆ ಕಾಣುತ್ತದೆ.

1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಕೂಡಿ ಅದನ್ನು ಕಟ್ಟಿದರು. ಮೊದಲ ಬಂಡವಾಳ ಬರೀ 8000 ರೂಪಾಯಿ. ಕಷ್ಟಕ್ಕೆ ಬಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗಬೇಕೆಂಬುದು ಉದ್ದೇಶ. 1928ರಲ್ಲಿ ಪಿಗ್ಮಿ ಠೇವಣಿ ಶುರುವಾಯಿತು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ಕಟ್ಟಿಸಿಕೊಂಡು ಹೋಗುತ್ತಿದ್ದ. ಸಣ್ಣವರ ಎರಡೆರಡು ಆಣೆಗಳೇ ಅದನ್ನು ದೊಡ್ಡದು ಮಾಡಿದವು. 1969ರ ಜುಲೈ 19ರಂದು ರಾಷ್ಟ್ರೀಕರಣವಾದ 14 ಬ್ಯಾಂಕುಗಳಲ್ಲಿ ಇದೂ ಒಂದು.

1976ರಲ್ಲಿ ಇದೇ ಬ್ಯಾಂಕು ಧಾರವಾಡದಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕನ್ನು ಹುಟ್ಟುಹಾಕಿತು. ನಮ್ಮ ಬೆಳಗಾವಿ ಜಿಲ್ಲೆಗೂ ಅದೇ ಬಂತು. 2005ರಲ್ಲಿ ಅದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು, 2025ರಲ್ಲಿ ಅದೂ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಕರಗಿತು. ಬೋರ್ಡುಗಳು ಬದಲಾದವು. ಕೌಂಟರಿನ ಈಚೆ ನಿಂತವನ ಪಾಡು ಬದಲಾಯಿತೇ?

ರೊಕ್ಕ ಕಟ್ಟಲು ಹೋದರೆ ಯಾರೂ ಜಾಮೀನು ಕೇಳುವುದಿಲ್ಲ. ಸಾಲ ಕೇಳಲು ಹೋದರೆ ಮೊದಲ ಮಾತೇ 'ಉತಾರ ತಂದೀಯೇನು?' ಬೆಲ್ಲದ ಬಾಗೇವಾಡಿ ಸುತ್ತ ಕಬ್ಬು ಕಡಿಯುವವನ ಹೆಸರಿಗೆ ಉತಾರ ಎಲ್ಲಿಂದ ಬರಬೇಕು? ಕಬ್ಬು ಬೆಳೆದವನಿಗೆ ಬೆಳೆಸಾಲ, ಕಡಿದವನಿಗೆ ಮುಂಗಡದ ಋಣ. ಊರಿನ ಹೆಸರಲ್ಲೇ ಬೆಲ್ಲ ಇದೆ, ಕಡಿದವನ ಬಾಯಿಗೆ ಸಿಹಿ ಇಲ್ಲ. ಸಾಲ ಭೂಮಿಯ ಹಿಂದೆ ಹೋಗುತ್ತದೆ. ಭೂಮಿ ಜಾತಿಯ ಹಿಂದೆ ಎಂದೋ ಹೋಗಿಬಿಟ್ಟಿದೆ.

'ಠೇವಣಿಯೂ ಬಡವರದೇ ಅಲ್ಲವೇ? ಆಧಾರವಿಲ್ಲದೆ ಕೊಟ್ಟರೆ ಅದು ಮುಳುಗುವುದಿಲ್ಲವೇ?' ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ನಾವು ದಾನ ಕೇಳುತ್ತಿಲ್ಲ, ಇರುವ ನಿಯಮ ನಡೆಸಿರಿ ಎನ್ನುತ್ತಿದ್ದೇವೆ. ಕಡು ಬಡವರಿಗೆ ಶೇ. 4ರ ಬಡ್ಡಿಯಲ್ಲಿ ಸಾಲ ಕೊಡುವ ಡಿ.ಆರ್.ಐ. ಯೋಜನೆ 1972ರಲ್ಲೇ ಬಂತು. ಆ ಸಾಲದ ಮೊತ್ತದಲ್ಲಿ ಶೇ. 40 ಪರಿಶಿಷ್ಟ ಜಾತಿ, ಪಂಗಡದವರಿಗೆ ಹೋಗಬೇಕೆಂದು ನಿಯಮ ಮಾಡಲಾಯಿತು. ನಮ್ಮ ಕೇರಿಯಲ್ಲಿ ಎಷ್ಟು ಮಂದಿ ಆ ಹೆಸರು ಕೇಳಿದ್ದಾರೆ? ಶಿಕ್ಷಣ ಸಾಲಕ್ಕೆ 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡ ಕೇಳಬಾರದು ಎಂಬುದು ರಿಸರ್ವ್ ಬ್ಯಾಂಕಿನ ಕಟ್ಟಳೆ. ಇದು ಗೊತ್ತಿಲ್ಲದೆ ಎಷ್ಟು ಹುಡುಗರು, ಹುಡುಗಿಯರು ಬಾಗಿಲಿಂದಲೇ ತಿರುಗಿ ಬಂದಿದ್ದಾರೋ!

ಬಾಬಾಸಾಹೇಬರು 1923ರಲ್ಲೇ ರೂಪಾಯಿಯ ಸಮಸ್ಯೆಯ ಬಗ್ಗೆ ದೊಡ್ಡ ಗ್ರಂಥ ಬರೆದರು. ಹಣದ ಲೆಕ್ಕ ಮೇಲಿನವರ ವಿದ್ಯೆ, ನಮ್ಮದಲ್ಲ ಎಂದು ಅವರು ಕೈಕಟ್ಟಿ ಕೂರಲಿಲ್ಲ. ನಾವೇಕೆ ಕೂರಬೇಕು?

ಆದ್ದರಿಂದ ಗೆಳೆಯರೇ, ಒಂದು ಸಂಜೆ ಹಾಸ್ಟೆಲಿನಲ್ಲಿ ಕೂತು ಈ ನಿಯಮಗಳನ್ನು ಓದಿರಿ. ಊರಿಗೆ ಹೋದಾಗ ಅಪ್ಪ ಅವ್ವನಿಗೆ ಓದಿ ಹೇಳಿರಿ. ಬ್ಯಾಂಕಿಗೆ ಒಬ್ಬರೇ ಹೋಗಬೇಡಿ, ನಾಲ್ಕು ಜನ ಕೂಡಿ ಹೋಗಿರಿ. 'ಆಗೋದಿಲ್ಲ' ಎಂದರೆ ಕಾರಣ ಬರೆದು ಕೊಡಿರಿ ಎನ್ನಿ. ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ, ಅದಕ್ಕೆ ಕಾಸು ಖರ್ಚಿಲ್ಲ. ಸಾಲ ಸಿಕ್ಕರೆ ಕಂತು ತಪ್ಪಿಸಬೇಡಿ. ಹಿಂದೆ ಬರುವ ತಮ್ಮ ತಂಗಿಯರಿಗೂ ಅದೇ ಬಾಗಿಲು ತೆರೆಯಬೇಕಲ್ಲ.

ಎರಡಾಣೆ ಬೇಡಿಕೊಂಡು ಬ್ಯಾಂಕು ನಮ್ಮ ಬಾಗಿಲಿಗೆ ಬಂದಿತ್ತು. ಈಗ ಹಕ್ಕು ಕೇಳಿಕೊಂಡು ನಾವು ಅದರ ಬಾಗಿಲಿಗೆ ಹೋಗೋಣ.

ಜೈ ಭೀಮ್.